ವೈವಿಧ್ಯ, ಸಾಮಾಜಿಕ ನ್ಯಾಯದ ಪಾಠಕ್ಕೆ ಯಾವ ಸಾಮಗ್ರಿ? ಕರಾವಳಿಯ ಟೀಚರ್‌ಗಳಿಗೊಂದು ಹೋಲಿಕೆ

ಪ್ರತಿ ಜೂನ್‌ನಲ್ಲಿ ಹೊಸದಾಗಿ ಕೆಲಸಕ್ಕೆ ಸೇರಿದ ಯಾರಾದರೂ ಒಬ್ಬರು ಫೋನ್ ಮಾಡುತ್ತಾರೆ. "ಟೀಚರೇ, ಈ ವೈವಿಧ್ಯ, ಸಮಾನತೆ ಇದನ್ನೆಲ್ಲ ಮಕ್ಕಳಿಗೆ ಹೇಳಿಕೊಡಲಿಕ್ಕೆ ಏನಾದರೂ ಒಳ್ಳೆಯದು ಉಂಟಾ?" ಉಂಟು. ಬೇಕಾದಷ್ಟು ಉಂಟು. ಪಠ್ಯಪುಸ್ತಕ ಇದೆ, ಸಂವಿಧಾನದ ಪೀಠಿಕೆ ಇದೆ, ನೆಟ್‌ನಲ್ಲಿ ಪುಕ್ಕಟೆ ಕಥೆಗಳಿವೆ, ಅಮೆರಿಕದ ಪಾಠಯೋಜನೆಗಳಿವೆ, ತರಬೇತಿಯಲ್ಲಿ ಕಲಿಸುವ ಆಟಗಳಿವೆ, ನಮ್ಮೂರಿನದೇ ಪಾಡ್ದನಗಳು, ಅಂದರೆ ತುಳುವಿನ ಕಥೆಹಾಡುಗಳು ಇವೆ. ಯಾವುದನ್ನು ಯಾವ ಕ್ಲಾಸಿಗೆ ಆರಿಸುವುದು ಎಂಬುದೇ ತಲೆಬಿಸಿ. ನಾನು ಮೊದಲು ಮಂಗಳೂರಿನಲ್ಲಿ, ಈಗ ಉಡುಪಿ ಕಡೆ ಸಮಾಜ ವಿಜ್ಞಾನ ಕಲಿಸುತ್ತಿದ್ದೇನೆ. ಇಷ್ಟು ವರ್ಷದಲ್ಲಿ ಇವೆಲ್ಲವನ್ನೂ ಒಂದಲ್ಲ ಒಂದು ಸಲ ಕ್ಲಾಸಿಗೆ ಒಯ್ದಿದ್ದೇನೆ. ಹಾಗಾಗಿ ಎಲ್ಲವನ್ನೂ ಒಂದೇ ಕಡೆ ಬರೆದಿಡುತ್ತಿದ್ದೇನೆ.

ನಾನು ಆರಿಸುವುದು ಒಂದು ಪ್ರಶ್ನೆ ಇಟ್ಟುಕೊಂಡು. ಈ ಪಾಠದಲ್ಲಿ ಯಾರ ನೋವಿನ ವಿಷಯ ಬರುತ್ತದೋ, ಆ ಮನೆಯ ಮಗು ಇದೇ ಕ್ಲಾಸಿನ ಬೆಂಚಿನಲ್ಲಿ ಕೂತಿದ್ದರೆ ನಾನು ಇದನ್ನು ಹೀಗೇ ಮಾಡುತ್ತೇನಾ? ಹೌದು ಎಂದಾದರೆ ಸಾಮಗ್ರಿ ಒಳ್ಳೆಯದು. ಇಲ್ಲ ಎಂದಾದರೆ, ಅದು ಎಷ್ಟೇ ಚಂದ ಮುದ್ರಣವಾಗಿರಲಿ, ಬೇಡ. ಯಾಕೆಂದರೆ ಆ ಮಗು ನಿಜಕ್ಕೂ ಕೂತೇ ಇರುತ್ತದೆ.

ಆಟಗಳು

ಈ ಪ್ರಶ್ನೆ ನನಗೆ ಹುಟ್ಟಿದ್ದೇ ಒಂದು ಆಟದಿಂದ. ನಿಮಗೂ ಗೊತ್ತಿರಬಹುದು. ಮಕ್ಕಳನ್ನೆಲ್ಲ ಗೋಡೆಗೆ ಬೆನ್ನು ಹಾಕಿ ಸಾಲಾಗಿ ನಿಲ್ಲಿಸುವುದು. ಟೀಚರ್ ಒಂದೊಂದೇ ವಾಕ್ಯ ಓದುವುದು. ಮನೆಯಲ್ಲಿ ಓದಲಿಕ್ಕೆ ಬೇರೆ ಕೋಣೆ ಇದ್ದರೆ ಒಂದು ಹೆಜ್ಜೆ ಮುಂದೆ. ಅಪ್ಪ ಅಮ್ಮ ಕಾಲೇಜಿಗೆ ಹೋಗಿದ್ದರೆ ಒಂದು ಹೆಜ್ಜೆ ಮುಂದೆ. ಜಾತಿಯ ಹೆಸರಿನಲ್ಲಿ ಯಾರೂ ಬೈದಿಲ್ಲ ಎಂದಾದರೆ ಒಂದು ಹೆಜ್ಜೆ ಮುಂದೆ. ಕೊನೆಗೆ ಯಾರು ಎಲ್ಲಿ ನಿಂತಿದ್ದಾರೆ ನೋಡಿ ಎನ್ನುವುದು.

ನಾನು ಎಂಟನೇ ಕ್ಲಾಸಿನಲ್ಲಿ ಮಾಡಿದೆ. ಆಟ ಮುಗಿಯುವಾಗ ಎಲ್ಲರೂ ಅಷ್ಟೋ ಇಷ್ಟೋ ಮುಂದೆ ಹೋಗಿದ್ದರು, ಒಬ್ಬಳು ಹುಡುಗಿ ಮಾತ್ರ ಗೋಡೆಯ ಹತ್ತಿರವೇ ಇದ್ದಳು, ತನ್ನ ಕಾಲ್ಬೆರಳನ್ನೇ ನೋಡುತ್ತಿದ್ದಳು, ಮತ್ತು ನಾನು ಹೇಳಿದ ಹಾಗೆಯೇ ಮೂವತ್ತೆಂಟು ಮಕ್ಕಳು ಹಿಂದೆ ತಿರುಗಿ ಅವಳನ್ನು ನೋಡಿದರು. ಎರಡು ದಿನ ಅವಳು ಶಾಲೆಗೆ ಬರಲಿಲ್ಲ. ಮೂರನೇ ದಿನ ಬಿಸಿಯೂಟದ ಹೊತ್ತಿಗೆ ಪಕ್ಕದಲ್ಲಿ ಕೂತು ತಪ್ಪಾಯಿತು ಎಂದೆ. "ಪರವಾಗಿಲ್ಲ ಟೀಚರ್, ನನಗೆ ಮೊದಲೇ ಗೊತ್ತಿತ್ತು" ಎಂದಳು. ಅಂದರೆ ಪಾಠ ಇದ್ದದ್ದು ಉಳಿದವರಿಗೆ. ಅದರ ಖರ್ಚು ಮಾತ್ರ ಅವಳ ಮೇಲೆ ಬಿತ್ತು.

ಈ ಆಟ ಮಾಡಲೇಬೇಕು ಎಂದಿದ್ದರೆ ಚೀಟಿ ಕೊಟ್ಟು ಮಾಡಿ. "ನೀನು ಮಲ್ಪೆ ಬಂದರಿನಲ್ಲಿ ಮೀನು ವಿಂಗಡಿಸುವವರ ಮಗಳು." "ನೀನು ಗದಗದಿಂದ ಕಟ್ಟಡ ಕೆಲಸಕ್ಕೆ ಬಂದವರ ಮಗ, ಮನೆಯಲ್ಲಿ ತುಳು ಬರುವುದಿಲ್ಲ." "ನಿನಗೆ ಕಣ್ಣು ಕಾಣುವುದಿಲ್ಲ, ಅಪ್ಪ ಡಾಕ್ಟರ್." ಮಕ್ಕಳು ಚೀಟಿಯಲ್ಲಿರುವವರಾಗಿ ಹೆಜ್ಜೆ ಇಡುತ್ತಾರೆ. ಹಿಂದೆ ಉಳಿಯುವುದು ಚೀಟಿ, ಮಗು ಅಲ್ಲ. ಮಾತು ಬಿಚ್ಚುವುದೂ ಹೀಗೆ ಮಾಡಿದಾಗಲೇ ಜಾಸ್ತಿ. ಒಂದು ಎಚ್ಚರ ಬೇಕು. ಚೀಟಿ ಹಂಚುವಾಗ ಯಾರದೇ ನಿಜವಾದ ಮನೆಯ ಪರಿಸ್ಥಿತಿ ಅವರದೇ ಕೈಗೆ ಹೋಗದ ಹಾಗೆ ನೋಡಿಕೊಳ್ಳಿ.

ಇನ್ನೊಂದು ಆಟದ ವಿಡಿಯೋ ಟೀಚರ್‌ಗಳ ಗುಂಪಿನಲ್ಲಿ ಆಗಾಗ ಬರುತ್ತದೆ. 1968ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಅವರ ಹತ್ಯೆಯಾದ ಮರುದಿನ ಅಮೆರಿಕದ ಅಯೋವಾ ರಾಜ್ಯದಲ್ಲಿ ಜೇನ್ ಎಲಿಯಟ್ ಎಂಬ ಟೀಚರ್ ತಮ್ಮ ಮೂರನೇ ಕ್ಲಾಸಿನ ಮಕ್ಕಳನ್ನು ಕಣ್ಣಿನ ಬಣ್ಣದ ಮೇಲೆ ಮೇಲು ಕೀಳು ಎಂದು ಭಾಗ ಮಾಡಿದ್ದರು. ಅದರ ಬಗ್ಗೆ ಓದಿ, ಹತ್ತನೇ ಕ್ಲಾಸಿನಲ್ಲಿ ಚರ್ಚೆ ಬೇಕಾದರೆ ಮಾಡಿ. ಆದರೆ ಮಾಡಿ ನೋಡಲಿಕ್ಕೆ ಹೋಗಬೇಡಿ. ಟೀಚರೇ ತನ್ನನ್ನು ಕೀಳು ಎಂದರು ಎಂಬುದನ್ನು ಒಂಬತ್ತು ವರ್ಷದ ಮಗು ಆಟ ಎಂದು ಮರೆಯುವುದಿಲ್ಲ.

ಹೊರದೇಶದ ಪಾಠಯೋಜನೆಗಳು

ಹುಡುಕಿದರೆ ಮೊದಲು ಸಿಗುವುದು ಇವೇ. ಅಮೆರಿಕದ 'ಲರ್ನಿಂಗ್ ಫಾರ್ ಜಸ್ಟಿಸ್' ಎಂಬುದು ದೊಡ್ಡದು. 1991ರಲ್ಲಿ 'ಟೀಚಿಂಗ್ ಟಾಲರೆನ್ಸ್' ಎಂಬ ಹೆಸರಿನಲ್ಲಿ ಶುರುವಾಗಿ 2021ರಲ್ಲಿ ಹೆಸರು ಬದಲಾಯಿಸಿಕೊಂಡಿತು. ಪುಕ್ಕಟೆ, ಇಂಗ್ಲಿಷ್‌ನಲ್ಲಿದೆ. ಹೆಚ್ಚಿನ ಪಾಠಗಳು ಅಲ್ಲಿನ ವರ್ಣಭೇದ, ಅಲ್ಲಿನ ಚಳವಳಿಯ ಸುತ್ತ ಇವೆ, ಅದು ಸಹಜ. ಅವನ್ನು ಹಾಗೇ ತಂದು ನಮ್ಮ ಮಕ್ಕಳ ಮುಂದಿಟ್ಟರೆ ಅನ್ಯಾಯ ಎಂಬುದು ದೂರದ ದೇಶದಲ್ಲಿ ಬೇರೆ ಬಣ್ಣದವರಿಗೆ ಆದದ್ದು ಎಂದುಕೊಳ್ಳುತ್ತಾರೆ. ಮನೆಯ ಹಿಂಬಾಗಿಲಿನಲ್ಲಿ ಬೇರೆ ಲೋಟದಲ್ಲಿ ಚಹಾ ಕೊಡುವುದು ಅವರ ಕಣ್ಣಿಗೆ ಬೀಳುವುದೇ ಇಲ್ಲ.

ಆದರೆ ಅದರ ಚೌಕಟ್ಟು ಬಹಳ ಒಳ್ಳೆಯದು. ನಾಲ್ಕು ಭಾಗ ಮಾಡಿದ್ದಾರೆ: ಗುರುತು, ವೈವಿಧ್ಯ, ನ್ಯಾಯ, ಕ್ರಿಯೆ. ಅಂದರೆ ನಾನು ಯಾರು, ಉಳಿದವರು ಯಾರು, ಎಲ್ಲಿ ಅನ್ಯಾಯ ಆಗುತ್ತಿದೆ, ನಾನೇನು ಮಾಡಬಹುದು. ನಮ್ಮ ಕಡೆಯ ಹೆಚ್ಚಿನ ಪಾಠಗಳು ಎರಡನೆಯದಕ್ಕೆ ಬಂದು ನಿಂತುಬಿಡುತ್ತವೆ. ನಾನು ಈ ನಾಲ್ಕು ಶಬ್ದ ಮಾತ್ರ ತೆಗೆದುಕೊಂಡು ಡೈರಿಯ ಮೊದಲ ಪುಟದಲ್ಲಿ ಬರೆದುಕೊಂಡಿದ್ದೇನೆ. ವರ್ಷದಲ್ಲಿ ನಾಲ್ಕೂ ಬಂತಾ ಎಂದು ಮಾರ್ಚ್‌ನಲ್ಲಿ ತೆಗೆದು ನೋಡುತ್ತೇನೆ.

ಪಠ್ಯಪುಸ್ತಕ, ಪೀಠಿಕೆ

ವಿವಿಧತೆಯಲ್ಲಿ ಏಕತೆ ಎಂದರೆ ಮಕ್ಕಳಿಗೆ ತಟ್ಟನೆ ನೆನಪಾಗುವ ಚಿತ್ರ ನಿಮಗೂ ಗೊತ್ತು. ನಾಲ್ಕು ಬಗೆಯ ಉಡುಪು ಹಾಕಿದ ನಾಲ್ಕು ಮಕ್ಕಳು ಕೈ ಕೈ ಹಿಡಿದು ನಿಂತದ್ದು. ಚಿತ್ರ ತಪ್ಪಲ್ಲ. ಸಾಲದು. ಉಡುಪು, ಊಟ, ಹಬ್ಬ ಬೇರೆ ಎಂದು ಹೇಳುತ್ತದೆ, ಯಾರ ಊಟದ ಡಬ್ಬಿ ತೆರೆದಾಗ ಪಕ್ಕದವರು ಎದ್ದು ಹೋಗುತ್ತಾರೆ ಎಂದು ಹೇಳುವುದಿಲ್ಲ.

ಇಲ್ಲಿ ಒಂದು ಸುಲಭದ ಕೆಲಸ ಮಾಡಬಹುದು, ಖರ್ಚು ಒಂದು ಡ್ರಾಯಿಂಗ್ ಶೀಟ್ ಅಷ್ಟೇ. ಮನೆಯಲ್ಲಿ ಅಮ್ಮನನ್ನು ಏನೆಂದು ಕರೆಯುತ್ತೀರಿ ಎಂದು ಕೇಳಿ ಬರೆಸುವುದು. ಅಪ್ಪೆ, ಅಮ್ಮ, ಆವಯ್, ಉಮ್ಮ, ಅಬ್ಬಿ, ಅಬ್ಬೆ, ಅಮ್ಮಿ. ತುಳು, ಕನ್ನಡ, ಕೊಂಕಣಿ, ಬ್ಯಾರಿ, ಕುಂದಾಪುರದ ಕನ್ನಡ, ಹವ್ಯಕರ ಕನ್ನಡ, ಉರ್ದು. ಇಪ್ಪತ್ತು ನಿಮಿಷದಲ್ಲಿ ಒಂದು ಜಿಲ್ಲೆಯೇ ಶೀಟಿನ ಮೇಲೆ ಬಂದು ಕೂರುತ್ತದೆ. ನಂತರ ಕೇಳಿ: ಇದರಲ್ಲಿ ಯಾವ ಮಾತನ್ನು ಶಾಲೆಯಲ್ಲಿ ಆಡಲಿಕ್ಕೆ ನಾಚಿಕೆ ಆಗುತ್ತದೆ? ಯಾಕೆ? ಆಗ ವೈವಿಧ್ಯದ ಪಾಠ ನ್ಯಾಯದ ಪಾಠ ಆಗುತ್ತದೆ. ಅಮ್ಮ ಇಲ್ಲದ ಮಕ್ಕಳು ಕ್ಲಾಸಿನಲ್ಲಿದ್ದರೆ ಅಮ್ಮನ ಬದಲು 'ಮನೆ' ಎಂಬ ಶಬ್ದ ತೆಗೆದುಕೊಳ್ಳಿ. ಇಲ್ಲ್, ಘರ್, ಮನೆ ಎಂದು ಅದೂ ಚೆನ್ನಾಗಿ ನಡೆಯುತ್ತದೆ.

ಸಂವಿಧಾನದ ಪೀಠಿಕೆಯನ್ನು ಶಾಲೆಗಳಲ್ಲಿ ಓದಿಸಬೇಕು ಎಂದು ನಮ್ಮ ರಾಜ್ಯ ಸರ್ಕಾರ 2023ರಲ್ಲಿ ತೀರ್ಮಾನ ಮಾಡಿತು. ಸುಮ್ನೆ ಬಾಯಿಪಾಠ ಮಾಡಿಸಿದರೆ ಅದು ಇನ್ನೊಂದು ಪ್ರಾರ್ಥನೆ ಆಗುತ್ತದೆ ಅಷ್ಟೇ. ಪೀಠಿಕೆಗಿಂತ ನನಗೆ ಕ್ಲಾಸಿನಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು 15ನೇ ವಿಧಿಯ ಎರಡನೇ ಭಾಗ. ಅದರಲ್ಲಿ ಅಂಗಡಿ, ಹೋಟೆಲು, ಬಾವಿ, ಕೆರೆ, ಸ್ನಾನಘಟ್ಟ, ರಸ್ತೆ ಎಂದು ಒಂದೊಂದೇ ಹೆಸರು ಬರೆದಿದ್ದಾರೆ. ಬಾವಿಯ ಹೆಸರನ್ನು ಸಂವಿಧಾನದಲ್ಲಿ ಯಾಕೆ ಬರೆಯಬೇಕಾಯಿತು ಎಂದು ಏಳನೇ ಕ್ಲಾಸಿನಲ್ಲಿ ಕೇಳಿ ನೋಡಿ. ಉತ್ತರ ತರಲಿಕ್ಕೆ ಅಜ್ಜಿಯ ಹತ್ತಿರ ಹೋಗಿ ಎಂದು ಹೇಳಿ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಬೆನಗಲ್ ನರಸಿಂಗ ರಾವ್ ಮಂಗಳೂರಿನಲ್ಲಿ ಓದಿದವರು, ಇವರ ಕೆಲಸವನ್ನು ಅಂಬೇಡ್ಕರ್ 1949ರ ನವೆಂಬರ್ 25ರ ಭಾಷಣದಲ್ಲಿ ನೆನೆದಿದ್ದಾರೆ. ಇದನ್ನು ಹೇಳಿದಾಗ ಮಕ್ಕಳು ಸ್ವಲ್ಪ ನೆಟ್ಟಗೆ ಕೂರುತ್ತಾರೆ.

ಆರು, ಏಳನೇ ಕ್ಲಾಸಿಗೆ ಇನ್ನೊಂದು: ಅಂಬೇಡ್ಕರ್ ಚಿಕ್ಕವರಿದ್ದಾಗ ಮಾಡಿದ ರೈಲು ಪ್ರಯಾಣದ ಬಗ್ಗೆ ತಾವೇ ಬರೆದದ್ದು. 1901ರಲ್ಲಿ ಕೋರೆಗಾಂವ್‌ನಲ್ಲಿದ್ದ ಅಪ್ಪನನ್ನು ನೋಡಲು ಒಳ್ಳೆಯ ಬಟ್ಟೆ ಹಾಕಿಕೊಂಡು ಹೊರಟ ಮಕ್ಕಳು ರೈಲಿಳಿಯುತ್ತಾರೆ. ಜಾತಿ ಗೊತ್ತಾದ ಕೂಡಲೇ ಸ್ಟೇಷನ್ ಮಾಸ್ತರ ಹಿಂದೆ ಸರಿಯುತ್ತಾನೆ. ಯಾವ ಗಾಡಿಯವನೂ ಬರಲು ಒಪ್ಪುವುದಿಲ್ಲ, ಕೊನೆಗೆ ದುಪ್ಪಟ್ಟು ಬಾಡಿಗೆ, ಗಾಡಿ ಮಕ್ಕಳೇ ಹೊಡೆಯಬೇಕು, ಗಾಡಿಯವನು ಪಕ್ಕದಲ್ಲಿ ನಡೆದು ಬರುವುದು ಎಂಬ ಮಾತಿಗೆ ಒಬ್ಬ ಒಪ್ಪುತ್ತಾನೆ. ರಾತ್ರಿಯಿಡೀ ನೀರು ಸಿಗುವುದಿಲ್ಲ. ಡಬ್ಬಿಯಲ್ಲಿ ಊಟ ಇದೆ, ನೀರಿಲ್ಲದೆ ತಿನ್ನಲಿಕ್ಕೆ ಆಗುವುದಿಲ್ಲ. ನಾನು ಇದನ್ನು ಓದಿ ನಿಲ್ಲಿಸುತ್ತೇನೆ. ಪ್ರಶ್ನೆ ಕೇಳುವುದಿಲ್ಲ. ಆ ಡಬ್ಬಿಯ ಬಗ್ಗೆ ಮಕ್ಕಳೇ ಮಾತು ತೆಗೆಯುತ್ತಾರೆ.

ಕಥೆಪುಸ್ತಕಗಳು

ಒಂದರಿಂದ ನಾಲ್ಕನೇ ಕ್ಲಾಸಿನವರೆಗೆ ಇದಕ್ಕಿಂತ ಒಳ್ಳೆಯದು ಬೇರೆ ಇಲ್ಲ. ಪ್ರಥಮ್ ಬುಕ್ಸ್‌ನವರ ಸ್ಟೋರಿವೀವರ್ 2015ರಿಂದ ಇದೆ. ಕನ್ನಡದಲ್ಲಿ ಬೇಕಾದಷ್ಟು ಕಥೆಗಳಿವೆ, ಪುಕ್ಕಟೆ ಡೌನ್‌ಲೋಡ್ ಮಾಡಬಹುದು, ಪ್ರಿಂಟ್ ತೆಗೆಯಬಹುದು, ಬೇರೆ ಭಾಷೆಗೆ ನೀವೇ ಅನುವಾದ ಮಾಡಿ ಹಾಕಬಹುದು. ಅದಕ್ಕೆ ಲೈಸೆನ್ಸೇ ಹಾಗಿದೆ. ಓದುವ ಮಟ್ಟ ನೋಡಿ ಆರಿಸಲಿಕ್ಕೂ ಬರುತ್ತದೆ. ಒಂದೇ ತೊಂದರೆ, ಕೆಲವು ಅನುವಾದಗಳ ಕನ್ನಡ ಪುಸ್ತಕದ ಕನ್ನಡ. ಮೊದಲು ಒಮ್ಮೆ ಗಟ್ಟಿಯಾಗಿ ಓದಿ ನೋಡಿ, ನಾಲಿಗೆ ತಡವರಿಸಿದಲ್ಲಿ ನಿಮ್ಮ ಊರಿನ ಮಾತು ಹಾಕಿ.

ಆರಿಸುವಾಗ ನಾನು ನೋಡುವುದು ಇಷ್ಟು: ಗಾಲಿಕುರ್ಚಿಯ ಹುಡುಗಿ ಕಥೆಯಲ್ಲಿದ್ದರೆ ಅವಳು ಏನಾದರೂ ಮಾಡುತ್ತಾಳಾ, ಅಥವಾ ಉಳಿದವರ ಕರುಣೆಗೆ ಮಾತ್ರ ಇದ್ದಾಳಾ? ಗಾಳಿಪಟ ಹಾರಿಸುವ, ಜಗಳ ಮಾಡುವ, ಸುಳ್ಳು ಹೇಳಿ ಸಿಕ್ಕಿಬೀಳುವ ಹುಡುಗಿ ಬೇಕು.

ನಮ್ಮೂರಿನ ಕಥೆಗಳು

ಎಂಟರಿಂದ ಮೇಲೆ ನಾನು ಎಲ್ಲಕ್ಕಿಂತ ಮೊದಲು ಕೈ ಹಾಕುವುದು ಇದಕ್ಕೆ. ಇದಕ್ಕೆ ಪ್ಯಾಕೇಜು ಇಲ್ಲ, ವರ್ಕ್‌ಶೀಟ್ ಇಲ್ಲ. ನೀವೇ ಕೂತು ಮಾಡಿಕೊಳ್ಳಬೇಕು. ಕೆಲಸ ಜಾಸ್ತಿ, ನಿಜ.

ಕಲ್ಕುಡ ಕಲ್ಲುರ್ಟಿಯ ಪಾಡ್ದನ ತೆಗೆದುಕೊಳ್ಳಿ. ಕಾರ್ಕಳದ ಗೊಮ್ಮಟನನ್ನು ಕೆತ್ತಿದ ಶಿಲ್ಪಿ ಕಲ್ಕುಡ. ಇಂಥದ್ದು ಬೇರೆಲ್ಲೂ ಆಗಬಾರದು ಎಂದು ಅರಸ ಅವನ ಒಂದು ಕೈ, ಒಂದು ಕಾಲು ಕಡಿಸುತ್ತಾನೆ. ಅವನು ಉಳಿದ ಕೈಯಲ್ಲೇ ವೇಣೂರಿಗೆ ಹೋಗಿ ಇನ್ನೊಂದು ಗೊಮ್ಮಟನನ್ನು ಮಾಡುತ್ತಾನೆ. ಅಣ್ಣನಿಗಾದ ಅನ್ಯಾಯಕ್ಕೆ ತಂಗಿ ಕಲ್ಲುರ್ಟಿ ಸುಮ್ಮನಿರುವುದಿಲ್ಲ, ಇಬ್ಬರೂ ದೈವಗಳಾಗುತ್ತಾರೆ. ಈ ಪಾಠ ಮಾಡುವಾಗ ಒಬ್ಬ ಹುಡುಗ ಎದ್ದು ಹೇಳಿದ: "ಟೀಚರ್, ಕಾರ್ಕಳದ್ದು 1432, ವೇಣೂರಿನದು 1604. ನೂರ ಎಪ್ಪತ್ತೆರಡು ವರ್ಷ ಆಯ್ತಲ್ಲ, ಅದೇ ಮನುಷ್ಯ ಹೇಗೆ?" ಇಂಥ ಪ್ರಶ್ನೆಗೆ ನಾನು ವರ್ಷವಿಡೀ ಕಾಯುತ್ತೇನೆ. ಶಾಸನದಲ್ಲಿ ಅರಸನ ಹೆಸರಿದೆ. ಕೆತ್ತಿದವನು ಉಳಿದದ್ದು ಪಾಡ್ದನದಲ್ಲಿ. ಇಷ್ಟು ವರ್ಷ ಜನ ಅದನ್ನು ಯಾಕೆ ಹಾಡಿಕೊಂಡು ಬಂದರು ಎಂಬ ಮಾತಿನಲ್ಲೇ ಎರಡು ಪೀರಿಯಡ್ ಹೋಯಿತು. ಕೋಲದಲ್ಲಿ ದೈವ ಕಟ್ಟುವವರು, ಅಂದರೆ ದೈವದ ವೇಷ ತೊಟ್ಟು ಕುಣಿಯುವವರು, ನಲಿಕೆ, ಪಂಬದ, ಪರವ ಸಮುದಾಯದವರು. ಕೋಲದ ರಾತ್ರಿ ಊರೆಲ್ಲ ಕೈಮುಗಿಯುತ್ತದೆ, ಮರುದಿನ ಬೆಳಿಗ್ಗೆ ಅವರಿಗೆ ಊಟ ಎಲ್ಲಿ ಬಡಿಸುತ್ತಾರೆ ಎಂದು ಒಬ್ಬಳು ಕೇಳಿದಳು. ಒಂದು ಮಾತು ಮಾತ್ರ ನೆನಪಿಡಿ. ತುಂಬಾ ಮನೆಗಳಲ್ಲಿ ಇದು ನಂಬಿಕೆ, ಕಥೆ ಅಲ್ಲ. ಹಗುರವಾಗಿ ಮಾತಾಡಬೇಡಿ, ವೇಷ ಹಾಕಿಸಬೇಡಿ.

ಕುದ್ಮುಲ್ ರಂಗರಾವ್ ಅವರದು ಇನ್ನೊಂದು. ಮಂಗಳೂರಿನ ಪುರಭವನಕ್ಕೆ ಅವರ ಹೆಸರಿದೆ, ಅದರ ಮುಂದೆ ದಿನಾ ಬಸ್ಸಿನಲ್ಲಿ ಹೋಗುವ ಮಕ್ಕಳಿಗೇ ಅವರು ಯಾರು ಎಂದು ಗೊತ್ತಿಲ್ಲ. ಬ್ರಾಹ್ಮಣರಾಗಿ ಹುಟ್ಟಿದ ಇವರು 1897ರಲ್ಲಿ ದಲಿತರಿಗಾಗಿ ಸಂಸ್ಥೆ ಕಟ್ಟಿ ಶಾಲೆ ನಡೆಸಿದರು, ತಮ್ಮ ಜಾತಿಯವರಿಂದಲೇ ಬಹಿಷ್ಕಾರ ಅನುಭವಿಸಿದರು. ತನ್ನ ಶಾಲೆಯಲ್ಲಿ ಕಲಿತ ಮಗು ದೊಡ್ಡ ಕೆಲಸಕ್ಕೆ ಸೇರಿ ಕಾರಿನಲ್ಲಿ ಹೋಗಬೇಕು, ಆ ಕಾರಿನ ಧೂಳು ತನ್ನ ತಲೆಗೆ ತಾಗಬೇಕು ಎಂಬುದು ಅವರ ಆಸೆಯಾಗಿತ್ತು. ಒಳ್ಳೆಯ ಪಾಠ, ಆರನೇ ಕ್ಲಾಸಿಗೇ ಮಾಡಬಹುದು. ಆದರೆ ಇದೊಂದನ್ನೇ ಮಾಡಿದರೆ, ಮೇಲಿನವರು ಯಾರೋ ಬಂದು ಕೈಹಿಡಿದರೆ ಮಾತ್ರ ನ್ಯಾಯ ಸಿಗುತ್ತದೆ ಎಂದು ಮಕ್ಕಳಿಗೆ ಅನ್ನಿಸುತ್ತದೆ. ಮಂಗಳೂರಿನ ಕುದ್ರೋಳಿಯನ್ನು ಇದರ ಜೊತೆ ಇಡಿ. ದೇವಸ್ಥಾನದೊಳಗೆ ಬಿಡದಿದ್ದ ಕಾಲದಲ್ಲಿ ಬಿಲ್ಲವರು ತಾವೇ ಕಟ್ಟಿದ, 1912ರಲ್ಲಿ ನಾರಾಯಣ ಗುರುಗಳು ಪ್ರತಿಷ್ಠೆ ಮಾಡಿದ ದೇವಸ್ಥಾನ. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರಾಗಿ ಮಾಡಿದರು.

ಪಿಯುಸಿ ಮಕ್ಕಳಿಗಾದರೆ ಶಿವರಾಮ ಕಾರಂತರ 'ಚೋಮನ ದುಡಿ'. ಬರೆದದ್ದು 1933ರಲ್ಲಿ, ಸಿನಿಮಾ ಬಂದದ್ದು 1975ರಲ್ಲಿ. ಸ್ವಂತ ಗದ್ದೆ ಉಳಬೇಕು ಎಂಬ ಚೋಮನ ಆಸೆಯ ಜೊತೆಗೆ 1974ರ ಭೂಸುಧಾರಣೆ ತಂದು ಇಡಿ. ಆಗ ಗೇಣಿದಾರರು ಹಾಕಿದ ಅರ್ಜಿಗೆ ಡಿಕ್ಲರೇಶನ್ ಎನ್ನುತ್ತಿದ್ದರು, ನಮ್ಮ ಜಿಲ್ಲೆಗಳಲ್ಲಿ 'ಡಿಕ್ಲರೇಶನ್‌ನಲ್ಲಿ ಸಿಕ್ಕಿದ ಜಾಗ' ಎನ್ನುವ ಮಾತು ಈಗಲೂ ಮನೆಮನೆಯಲ್ಲಿ ಇದೆ ಅಲ್ವಾ? ಚೋಮ ಆಗ ಬದುಕಿದ್ದರೆ ಅವನಿಗೆ ಜಾಗ ಸಿಗುತ್ತಿತ್ತಾ ಎಂದು ಕೇಳಿ. ಮಕ್ಕಳು ಮೊದಲು ಹೌದು ಎನ್ನುತ್ತಾರೆ. ಆಮೇಲೆ ಒಬ್ಬರಾದರೂ ಕಂಡುಹಿಡಿಯುತ್ತಾರೆ: ಕಾನೂನು ಜಾಗ ಕೊಟ್ಟದ್ದು ಗೇಣಿದಾರನಿಗೆ. ಚೋಮ ಗೇಣಿದಾರ ಅಲ್ಲ, ಧಣಿಯ ಮನೆಯ ಆಳು. ಕ್ಲಾಸಿನಲ್ಲಿ ಜಾಗ ಸಿಕ್ಕಿದ ಮನೆಯವರೂ ಕಳೆದುಕೊಂಡ ಮನೆಯವರೂ ಇರುತ್ತಾರೆ, ಯಾರ ಅಜ್ಜನನ್ನೂ ಕಳ್ಳ ಮಾಡದೆ ಮಾತು ನಡೆಸಬೇಕು.

ಸೌಹಾರ್ದದ ಕಥೆಗಳ ಬಗ್ಗೆ ಒಂದು ಮಾತು. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿ ದೇವಸ್ಥಾನವನ್ನು ಕಟ್ಟಿಸಿದವನು ಬಪ್ಪ ಬ್ಯಾರಿ ಎಂಬ ಮುಸ್ಲಿಂ ವ್ಯಾಪಾರಿ ಎಂದು ಅಲ್ಲಿನ ಸ್ಥಳಕಥೆ ಹೇಳುತ್ತದೆ. ನನಗೆ ಆ ಕಥೆ ಇಷ್ಟ, ಪ್ರತಿ ವರ್ಷ ಹೇಳುತ್ತೇನೆ. ಆದರೆ 2022ರ ಆರಂಭದಲ್ಲಿ ಹಿಜಾಬ್ ವಿಚಾರದಿಂದ ಉಡುಪಿ ದಿನಾ ಟಿವಿಯಲ್ಲಿ ಇದ್ದಾಗ ನನ್ನ ಕ್ಲಾಸಿನ ಮಕ್ಕಳು ಊಟಕ್ಕೆ ಬೇರೆ ಬೇರೆ ಕೂರಲು ಶುರು ಮಾಡಿದ್ದರು. ಆಗ ಬಪ್ಪ ಬ್ಯಾರಿಯ ಕಥೆ ಹೇಳಿದೆ, ಎಲ್ಲರೂ ಚೆನ್ನಾಗಿದೆ ಎಂದರು, ಮಧ್ಯಾಹ್ನ ಮತ್ತೆ ಬೇರೆಯೇ ಕೂತರು. ಕೆಲಸಕ್ಕೆ ಬಂದದ್ದು ಬೇರೆ. ಪೆಟ್ಟಿಗೆಯೊಂದನ್ನು ಇಟ್ಟು, ಹೆಸರಿಲ್ಲದೆ, ಈ ತಿಂಗಳು ನನಗೆ ಬೇಸರ ಆದದ್ದು ಎಂದು ಬರೆದು ಹಾಕಲು ಹೇಳಿದೆ. ಚೀಟಿಗಳನ್ನು ಮೊದಲು ನಾನೊಬ್ಬಳೇ ಓದಿ, ಯಾರೆಂದು ಗುರುತು ಸಿಗುವಂಥದ್ದನ್ನು ತೆಗೆದಿಟ್ಟು, ಉಳಿದದ್ದನ್ನು ಕ್ಲಾಸಿನಲ್ಲಿ ಓದಿದೆ. "ನನ್ನ ಬೆಸ್ಟ್ ಫ್ರೆಂಡ್ ನನ್ನ ನೋಟ್ಸ್ ತೆಗೆದುಕೊಳ್ಳುವುದು ನಿಲ್ಲಿಸಿದ್ದಾಳೆ" ಎಂದು ಒಂದರಲ್ಲಿತ್ತು. ಹದಿನೈದು ದಿನ ಹಿಡಿಯಿತು. ಪೂರ್ತಿ ಸರಿಹೋಯಿತು ಎಂದು ಹೇಳಲಾರೆ, ಡಬ್ಬಿಗಳು ಒಟ್ಟಿಗೆ ಬಂದವು.

ಮನುಷ್ಯರೇ ಕ್ಲಾಸಿಗೆ ಬಂದರೆ

ಎಲ್ಲಕ್ಕಿಂತ ಗಟ್ಟಿಯಾದ ಸಾಮಗ್ರಿ ಇದು, ಕೆಡಿಸುವುದೂ ಅಷ್ಟೇ ಸುಲಭ. ಕರಾವಳಿಯ ಆದಿವಾಸಿಗಳಾದ ಕೊರಗರನ್ನು ವಾರ್ಷಿಕೋತ್ಸವಕ್ಕೆ ಕರೆದು ಡೋಲು ಬಾರಿಸಿ ಎನ್ನುವುದು ಪಾಠ ಅಲ್ಲ. ಅವರನ್ನು ಕೀಳಾಗಿ ಕಂಡು ಸರಿಯಾದ ಕೂಲಿ ಕೊಡದೆ ದುಡಿಸುವ ಅಜಲು ಪದ್ಧತಿಯನ್ನು ನಿಷೇಧಿಸಲು 2000ದಲ್ಲಿ ಪ್ರತ್ಯೇಕ ಕಾನೂನೇ ಬಂತು. ಊಟದಲ್ಲಿ ಕೂದಲು, ಉಗುರು ಬೆರೆಸಿ ತಿನ್ನಿಸುವುದು, ಕಂಬಳಕ್ಕೆ ಮೊದಲು ಕೋಣಗಳ ಹಾಗೆ ಓಡಿಸುವುದು, ಇದೆಲ್ಲ ಆ ಕಾನೂನಿನಲ್ಲಿ ಬರೆದಿದೆ. ಈ ಭಾಗವನ್ನು ಹತ್ತನೇ ಕ್ಲಾಸಿನ ನಂತರ, ಕಾನೂನಿನ ಪಾಠವಾಗಿ, ಕಾನೂನಿನ ಮಾತಿನಲ್ಲೇ ಮಾಡಿ. ಬಂದ ಅತಿಥಿಯ ಬಾಯಿಯಿಂದ ಹೇಳಿಸಬೇಡಿ. ಅವರಾಗಿಯೇ ಹೇಳಿದರೆ ಮಾತ್ರ ಕೇಳಿ.

ನಾವು ಬುಟ್ಟಿ ಹೆಣೆಯುವ ಒಬ್ಬ ಹಿರಿಯ ಹೆಂಗಸನ್ನು ಕರೆದೆವು, ಹೆಣಿಗೆ ಕಲಿಸಲಿಕ್ಕೆ. ಟೀಚರ ಕುರ್ಚಿ ಕೊಟ್ಟೆವು, ಅವರು ನೆಲವೇ ಸರಿ ಎಂದರು, ಮಕ್ಕಳೂ ಸುತ್ತ ನೆಲಕ್ಕೆ ಕೂತರು. ಒಂಬತ್ತನೆಯ ಗಂಡುಹುಡುಗರಿಗೆ ಬಳ್ಳಿ ಬಗ್ಗಿಸಲಿಕ್ಕೇ ಬರಲಿಲ್ಲ, ಎರಡು ತುಂಡಾಯಿತು. ಅವರು ನಕ್ಕು, ಹೆಬ್ಬೆರಳಿನಲ್ಲಿ ಒತ್ತಿ ಹಿಡಿದು ಮೆಲ್ಲ ತಿರುಗಿಸುವುದನ್ನು ತುಳುವಿನಲ್ಲಿ ಹೇಳಿಕೊಟ್ಟರು. ತುಳು ಬಾರದ ಮಕ್ಕಳಿಗೆ ಪಕ್ಕದವರು ಅನುವಾದ ಮಾಡಿದರು. ಆಮೇಲೆ ಒಬ್ಬಳು ಒಂದು ಬುಟ್ಟಿಗೆ ಎಷ್ಟು ಸಿಗುತ್ತದೆ ಎಂದು ಕೇಳಿದಳು. ಬಳ್ಳಿ ತರಲು ಕಾಡಿಗೆ ಹೋಗಿಬರುವ ಹೊತ್ತು, ಸೀಳುವ ಹೊತ್ತು, ಹೆಣೆಯುವ ಹೊತ್ತು, ಎಲ್ಲ ಅವರಿಂದಲೇ ಕೇಳಿ ಬೋರ್ಡಿನಲ್ಲಿ ಬರೆದು ಮಕ್ಕಳೇ ಗಂಟೆಗೆ ಎಷ್ಟು ಬೀಳುತ್ತದೆ ಎಂದು ಭಾಗಿಸಿದರು. ಉತ್ತರ ನೋಡಿ ಲೆಕ್ಕ ತಪ್ಪಿರಬೇಕು ಎಂದು ಇನ್ನೊಮ್ಮೆ ಮಾಡಿದರು. ತಪ್ಪಿರಲಿಲ್ಲ.

ನೀವು ಯಾರನ್ನಾದರೂ ಕರೆಯುವುದಾದರೆ, ಯಾವ ವಿಷಯ ಮಾತಾಡಲು ಇಷ್ಟ ಎಂದು ಮೊದಲು ಮನೆಗೆ ಹೋಗಿ ಕೇಳಿ. ಒಂದು ದಿನದ ಕೂಲಿ ಮತ್ತು ಬಸ್ಸಿನ ಖರ್ಚು ಕೊಡಲೇಬೇಕು. ಅದನ್ನು ಕವರಿನಲ್ಲಿ ಹಾಕಿ ಕ್ಲಾಸು ಶುರುವಾಗುವ ಮೊದಲೇ ಸ್ಟಾಫ್ ರೂಮಿನಲ್ಲಿ ಕೊಟ್ಟುಬಿಡಿ. ಕೊನೆಗೆ ಮಕ್ಕಳ ಎದುರು, ಶಾಲು ಹೊದೆಸಿ, ಫೋಟೋ ತೆಗೆಸಿಕೊಂಡು ಕೊಡಬೇಡಿ.